ಬೆನ್ನುನೀರು ತೆಗೆದರೆ ಸೊಂಟ ಬೀಳುತ್ತದೆಯೇ?

ಕಾಗಿನೆಲೆ: "ಬೆನ್ನಾಗಿನ ನೀರ ತಗದ್ರ ಮುಗೀತು ನೋಡ್ರಿ, ಮುಂದ ಮನಷ್ಯಾ ಎದ್ದು ನಿಂದ್ರಂಗಿಲ್ಲ!"

ಈ ಮಾತು ಕೇಳದ ಕಿವಿ ಬ್ಯಾಡಗಿ ತಾಲೂಕಿನಲ್ಲಿ ಇರಲಾರದು. ಬಸ್ ನಿಲ್ದಾಣದ ಕಟ್ಟೆ, ಚಹಾದಂಗಡಿ, ಹಿಟ್ಟಿನ ಗಿರಣಿ... ದೊಡ್ಡಾಸ್ಪತ್ರೆಯ ಸುದ್ದಿ ಎಲ್ಲಿ ಬಂದರೂ ಕೊನೆಗೆ ಇದು ಬಂದೇ ಬರುತ್ತದೆ. ಹೇಳುವವನಿಗೆ ಒಬ್ಬ ದೂರದ ನೆಂಟ ಇದ್ದೇ ಇರುತ್ತಾನೆ. ಆ ನೆಂಟನಿಗೆ ಹುಬ್ಬಳ್ಳಿಯಲ್ಲಿ ಬೆನ್ನಿಗೆ ಸೂಜಿ ಚುಚ್ಚಿ ನೀರು ತೆಗೆದಿರುತ್ತಾರೆ. ಆತ ಮತ್ತೆ ಮನೆಗೆ ನಡೆದು ಬಂದಿರುವುದಿಲ್ಲ. ನೆಂಟನ ಹೆಸರೇನು ಎಂದು ಕೇಳಿದರೆ ಮಾತ್ರ ಯಾರಿಗೂ ನೆನಪಿಲ್ಲ!

ನಕ್ಕು ಬಿಡುವ ಮಾತಾಗಿದ್ದರೆ ಬಿಡಬಹುದಿತ್ತು. ಆದರೆ ಈ ಒಂದು ಅಂಜಿಕೆಯಿಂದಾಗಿ ಕೆಲವರ ರೋಗಕ್ಕೆ ಹೆಸರು ಸಿಗುವುದೇ ವರ್ಷಗಟ್ಟಲೆ ತಡವಾಗುತ್ತದೆ. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗ ಅಂಥದು. ಡಾಕ್ಟರರು ಚಿಕ್ಕದಾಗಿ ಎಂ.ಎಸ್. ಅನ್ನುತ್ತಾರೆ. ಬಹುಪಾಲು ಇಪ್ಪತ್ತರಿಂದ ನಲವತ್ತರ ಒಳಗಿನವರಿಗೆ ಬರುತ್ತದೆ. ಅದರಲ್ಲೂ ಗಂಡಸರಿಗಿಂತ ಹೆಂಗಸರಲ್ಲಿ ಎರಡು-ಮೂರು ಪಟ್ಟು ಹೆಚ್ಚು. ದುಡಿಯುವ, ಹೆರುವ, ಮಕ್ಕಳನ್ನು ಬೆಳೆಸುವ ವಯಸ್ಸು ಅದು.

ಘಾಟಲ್ಲ, ನರ

ಒಂದು ಮನೆ ಎಂದು ಇಟ್ಟುಕೊಳ್ಳಿ. ಕಾಗಿನೆಲೆ ಸುತ್ತಿನ ಯಾವ ಊರಾದರೂ ಆದೀತು. ಆ ಮನೆಯಲ್ಲಿ ಇಪ್ಪತ್ತೈದರ ಸೊಸೆ. ಮೆಣಸಿನಕಾಯಿ ಸುಗ್ಗಿ ಬಂತೆಂದರೆ ಬ್ಯಾಡಗಿಗೆ ತೊಟ್ಟು ಬಿಡಿಸುವ ಕೂಲಿಗೆ ಹೋಗುವವಳು. ಒಂದು ದಿನ ಎಡಗಣ್ಣು ಮಂಜಾಗುತ್ತದೆ. ಗುಡ್ಡೆ ಹೊರಳಿಸಿದರೆ ನೋವು.

"ಯವ್ವಾ, ಘಾಟ ಬಡದೈತಿ. ತಣ್ಣೀರಾಗ ಕಣ್ಣ ತೊಳಕೊ, ನಾಳಿಗೆ ಸುದ್ದಾಗತೈತಿ" ಅನ್ನುತ್ತಾಳೆ ಅತ್ತೆ. ಅತ್ತೆಯದೇನು ತಪ್ಪು? ಬ್ಯಾಡಗಿಯ ಪೇಟೆಯಲ್ಲಿ ಕಣ್ಣುರಿ ಯಾರಿಗಿಲ್ಲ? ಆದರೆ ಘಾಟು ಎರಡೂ ಕಣ್ಣಿಗೆ ಹೊಡೆಯುತ್ತದೆ, ನೀರು ಸುರಿಸುತ್ತದೆ, ಸಂಜೆಗೆ ಇಳಿಯುತ್ತದೆ. ಇದು ಒಂದೇ ಕಣ್ಣು, ಮೂರು ದಿನವಾದರೂ ಇಳಿಯುವುದಿಲ್ಲ, ಕಣ್ಣು ನೋಡಲು ಕೆಂಪಗೂ ಇಲ್ಲ. ಇನ್ನೊಂದು ವಿಚಿತ್ರ. ಬಲಗಣ್ಣು ಮುಚ್ಚಿ ನೋಡಿದರೆ ಮುಂದಿನ ಮೆಣಸಿನಕಾಯಿ ರಾಶಿಯ ಕೆಂಪೇ ಹೋಗಿದೆ, ಒಗೆದು ಒಗೆದು ಬಣ್ಣ ಬಿಟ್ಟ ಸೀರೆಯ ಹಾಗೆ! ಕಣ್ಣಿನ ನರ ಬಾತಾಗ ಮೊದಲು ಮಾಸುವುದು ಕೆಂಪು ಬಣ್ಣವೇ. ಆಸ್ಪತ್ರೆಯಲ್ಲಿ ಡಾಕ್ಟರರು ಕೆಂಪು ವಸ್ತುವೊಂದನ್ನು ಹಿಡಿದು, ಒಂದೊಂದೇ ಕಣ್ಣಿನಿಂದ ನೋಡಿಸಿ ಕೇಳುವುದು ಇದನ್ನೇ. ಬ್ಯಾಡಗಿಯವರಿಗೆ ಅದಕ್ಕಿಂತ ದೊಡ್ಡ ಕೆಂಪು ಕಣ್ಣೆದುರಿಗೇ ಬಿದ್ದಿರುತ್ತದೆ.

ಇರಲಿ. ಆದಿಕೇಶವನಿಗೆ ಹರಕೆ ಹೊರುತ್ತಾರೆ, ಯಾರೋ ಹೇಳಿದ ಬೇರು ತೇಯ್ದು ಹಚ್ಚುತ್ತಾರೆ. ತಿಂಗಳೊಪ್ಪತ್ತಿನಲ್ಲಿ ಕಣ್ಣು ಮರಳುತ್ತದೆ. ಎಂ.ಎಸ್. ಆಡುವ ಮೋಸ ಇರುವುದು ಇಲ್ಲೇ. ಈ ರೋಗ ದಾಳಿ ಮಾಡಿ, ಕೆಲವು ವಾರ ಕಾಡಿ, ಹೆಚ್ಚಿನವರಲ್ಲಿ ತಾನಾಗಿಯೇ ಹಿಂದೆ ಸರಿಯುತ್ತದೆ. ಕೊನೆಗೆ ಯಾರು ಏನು ಕೊಟ್ಟಿದ್ದರೋ ಕೀರ್ತಿ ಅವರಿಗೆ. ಬೇರು ಕೊಟ್ಟವನ ಅಂಗಳದಲ್ಲಿ ಜನ ಹೆಚ್ಚುತ್ತಾರೆ.

ವರ್ಷ ಕಳೆಯುತ್ತದೆ. ಒಂದು ಬೆಳಗ್ಗೆ ಅವಳ ಕಾಲು ಜೋಮು ಹಿಡಿದು ಹೊಟ್ಟೆಯವರೆಗೆ ಏರುತ್ತದೆ. ಮೂತ್ರ ತಡೆಯಲಾಗದು, ಇಲ್ಲವೇ ಹೋಗಲೇ ಆಗದು. ಇದನ್ನು ಯಾರ ಮುಂದೆ ಹೇಳುವುದು? ಬಿಸಿನೀರಿನ ಜಳಕ ಮಾಡಿದರೆ, ಬಿಸಿಲಲ್ಲಿ ಕುಳಿತರೆ ಹಳೆಯ ಮಂಜು, ಹಳೆಯ ಸುಸ್ತು ಎಲ್ಲ ಮೇಲೆದ್ದು ಬರುತ್ತವೆ. ಮೈ ಕಾವೇರಿದಾಗ ಕೆಟ್ಟ ನರ ಇನ್ನಷ್ಟು ಸೋಲುತ್ತದೆ. ಮನೆಯವರ ಕಣ್ಣಿಗೆ ಮಾತ್ರ ಅದು ಸೊಸೆಯ ಸೋಮಾರಿತನ. ಬೆಳಗ್ಗೆ ನೆಟ್ಟಗಿದ್ದವಳು ಮಧ್ಯಾಹ್ನ ಮಲಗಿದರೆ ನಂಬುವವರು ಯಾರು? ತವರಿಗೆ ಕಳಿಸುವ ಮಾತು ಶುರುವಾಗುವುದು ಆಗಲೇ.

ಹುಬ್ಬಳ್ಳಿಯ ಕೆ.ಎಂ.ಸಿ.ಗೆ ಕರೆದೊಯ್ಯುತ್ತಾರೆ. (ಬಾಗಿಲ ಮೇಲಿನ ಹೆಸರು ಎಷ್ಟು ಸಲ ಬದಲಾದರೂ ಈ ಸೀಮೆಯ ಜನಕ್ಕೆ ಅದು ಕೆ.ಎಂ.ಸಿ.ಯೇ.) ಸ್ಕ್ಯಾನ್ ಆಗುತ್ತದೆ. ಆಮೇಲೆ ಡಾಕ್ಟರರು ಬೆನ್ನುನೀರು ತೆಗೆಯಬೇಕು ಅನ್ನುತ್ತಾರೆ. ಅಲ್ಲಿಗೆ ಚಹಾದಂಗಡಿಯ ನೆಂಟ ನೆನಪಾಗುತ್ತಾನೆ.

"ಬ್ಯಾಡ್ರಿ ಸಾಹೇಬ್ರ, ಗುಳಿಗಿ ಇದ್ರ ಕೊಡ್ರಿ, ಇಲ್ಲಾಂದ್ರ ಬಿಟ್ಟಬಿಡ್ರಿ. ಮನಿಗೆ ಕರಕೊಂಡ ಹೋಗ್ತೀವಿ."

ಇಲಿ ಕಡಿದ ವೈರು

ಹೊಲದ ಪಂಪ್‌ಸೆಟ್ಟಿನ ವೈರನ್ನು ಇಲಿ ಕಡಿದರೆ ಏನಾಗುತ್ತದೆ ಎಂದು ಕಾಗಿನೆಲೆಯ ರೈತನಿಗೆ ಯಾರೂ ಹೇಳಿಕೊಡಬೇಕಿಲ್ಲ. ಒಳಗಿನ ತಂತಿ ಇದ್ದರೂ ಮೇಲಿನ ಹೊದಿಕೆ ಹೋದರೆ ಕರೆಂಟು ಸರಿಯಾಗಿ ಹರಿಯದು. ನಮ್ಮ ನರಗಳಿಗೂ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಇದೆ. ಮೈಯನ್ನು ಕಾಯಬೇಕಾದ ರೋಗನಿರೋಧಕ ಪಡೆಯೇ ಮಿದುಳು, ಬೆನ್ನುಹುರಿ, ಕಣ್ಣಿನ ನರಗಳೊಳಗೆ ನುಗ್ಗಿ ಆ ಹೊದಿಕೆಯನ್ನು ಅಲ್ಲಲ್ಲಿ ಕಡಿಯುತ್ತದೆ. ಕಾವಲುಗಾರನೇ ಬೇಲಿ ಮುರಿದ ಹಾಗೆ. ಪ್ಯಾರಿಸಿನ ವೈದ್ಯ ಷಾರ್ಕೋ 1868ರಲ್ಲಿ ಈ ರೋಗವನ್ನು ಬೇರೆಯದೆಂದು ಗುರುತಿಸಿ ವಿವರಿಸಿದ. ಪಡೆ ಯಾಕೆ ದಾರಿ ತಪ್ಪುತ್ತದೆ ಎಂಬುದು ಪೂರ್ತಿ ಬಿಡಿಸಿಲ್ಲ. ಎಪ್ಸ್ಟೈನ್-ಬಾರ್ ಎಂಬ ಸಾಮಾನ್ಯ ವೈರಸ್ಸಿನ ಸೋಂಕು ತಗಲಿದ ಮೇಲೆ ಎಂ.ಎಸ್. ಬರುವ ಸಂಭವ 32 ಪಟ್ಟು ಏರುತ್ತದೆಂದು ಅಮೆರಿಕದ ಒಂದು ಕೋಟಿ ಸೈನಿಕರ ದಾಖಲೆ ಜಾಲಾಡಿದವರು 2022ರಲ್ಲಿ ಪ್ರಕಟಿಸಿದರು. ಆದರೆ ಆ ವೈರಸ್ಸು ತಗಲದವರು ಲೋಕದಲ್ಲೇ ಕಡಿಮೆ, ಎಂ.ಎಸ್. ಬರುವುದು ಕೆಲವರಿಗೆ ಮಾತ್ರ.

ನೀರಿನಲ್ಲಿ ಏನು ಸಿಗುತ್ತದೆ?

ಮಿದುಳು ಮತ್ತು ಬೆನ್ನುಹುರಿ ತಿಳಿನೀರಿನಂಥ ದ್ರವದಲ್ಲಿ ತೇಲುತ್ತವೆ. ದೊಡ್ಡವರ ಮೈಯಲ್ಲಿ ಅದು ಒಟ್ಟು ಸುಮಾರು 150 ಮಿಲಿ. ಅಷ್ಟಕ್ಕೇ ನಿಂತ ನೀರಲ್ಲ. ದಿನಕ್ಕೆ ಅರ್ಧ ಲೀಟರಿನಷ್ಟು ಹೊಸದು ಒಸರುತ್ತದೆ, ಹಳೆಯದು ರಕ್ತಕ್ಕೆ ಸೇರುತ್ತದೆ. ಪರೀಕ್ಷೆಗೆ ತೆಗೆಯುವುದು ಎರಡು-ಮೂರು ಚಮಚೆ. ಕೆಲವೇ ತಾಸಿನಲ್ಲಿ ಮೈ ಅದನ್ನು ತುಂಬಿಕೊಳ್ಳುತ್ತದೆ. ಸೊಂಟದ ನೀರು ಬತ್ತಿ ಹೋಯಿತು ಎಂಬ ಮಾತಿಗೆ ಬುಡವೇ ಇಲ್ಲ.

ಆ ಎರಡು ಚಮಚೆಯಲ್ಲಿ ಮೊದಲು ನೋಡುವುದು ಬಿಳಿಕಣ, ಪ್ರೋಟೀನು, ಸಕ್ಕರೆ. ಮಿದುಳಿನ ಟಿ.ಬಿ. ಇದ್ದರೆ ಕಣ ಏರಿರುತ್ತವೆ, ಪ್ರೋಟೀನು ಏರಿರುತ್ತದೆ, ಸಕ್ಕರೆ ಇಳಿದಿರುತ್ತದೆ. ಎಂ.ಎಸ್.ನಲ್ಲಿ ಸಕ್ಕರೆ ಸರಿಯಾಗಿಯೇ ಇದ್ದು, ಕಣ ಇದ್ದರೂ ಸ್ವಲ್ಪವೇ. ಇಷ್ಟರಿಂದಲೇ ಟಿ.ಬಿ. ಇರುವ ಈ ದೇಶದಲ್ಲಿ ಅರ್ಧ ಜಗಳ ತೀರುತ್ತದೆ. ಟಿ.ಬಿ. ಅಲ್ಲದವರಿಗೆ ತಿಂಗಳುಗಟ್ಟಲೆ ಟಿ.ಬಿ. ಗುಳಿಗೆ ನುಂಗಿಸುವುದು ತಪ್ಪುತ್ತದೆ, ಟಿ.ಬಿ. ಇದ್ದವರಿಗೆ ಬರೀ ಸ್ಟಿರಾಯ್ಡ್ ಕೊಟ್ಟು ಕೆಡಿಸುವುದೂ ತಪ್ಪುತ್ತದೆ.

ಆಮೇಲಿನದು ಅಸಲು ಪರೀಕ್ಷೆ. ರೋಗನಿರೋಧಕ ಪಡೆ ಬಿಡುವ ಬಾಣಗಳಿಗೆ ಪ್ರತಿಕಾಯ ಎನ್ನುತ್ತಾರೆ. ರಕ್ತದಲ್ಲಿ ಸಾವಿರಾರು ಬಗೆಯ ಪ್ರತಿಕಾಯ ಬೆರೆತಿರುತ್ತವೆ. ಬ್ಯಾಡಗಿ ಪೇಟೆಯ ಗದ್ದಲದ ಹಾಗೆ, ಯಾರ ದನಿ ಯಾವುದೆಂದು ತಿಳಿಯದು. ವಿದ್ಯುತ್ತು ಹರಿಸಿ ಅವನ್ನು ಬೇರ್ಪಡಿಸಿದರೆ ಒಂದೇ ಮಸುಕು ಬಳಿದಂತೆ ಕಾಣುತ್ತದೆ. ಎಂ.ಎಸ್. ಇದ್ದವರ ಬೆನ್ನುನೀರಿನಲ್ಲಿ ಹಾಗಲ್ಲ. ಮಿದುಳಿನ ಒಳಗೇ ಬಿಡಾರ ಹೂಡಿದ ಕೆಲವೇ ಕಣಗಳ ಕುಲ, ಒಂದೇ ಬಗೆಯ ಪ್ರತಿಕಾಯವನ್ನು ಮತ್ತೆ ಮತ್ತೆ ಮಾಡುತ್ತಿರುತ್ತದೆ. ಗದ್ದಲವಿಲ್ಲದ ಓಣಿಯಲ್ಲಿ ನಾಲ್ಕು ಜನ ಒಂದೇ ಮಾತನ್ನು ಕೂಗಿದ ಹಾಗೆ ಅವು ಸ್ಪಷ್ಟ ಗೆರೆಗಳಾಗಿ ಕಾಣುತ್ತವೆ. ಆಲಿಗೋಕ್ಲೋನಲ್ ಬ್ಯಾಂಡ್ ಎಂದು ಅದರ ಹೆಸರು. 'ಕೆಲವೇ ಕುಲದ ಪಟ್ಟಿಗಳು' ಎಂದರೆ ಅರ್ಥ ಬಂತು.

ಇದರ ಬೀಜ ಬಿದ್ದದ್ದು 1942ರಲ್ಲಿ. ಎಂ.ಎಸ್. ರೋಗಿಗಳ ಬೆನ್ನುನೀರಿನಲ್ಲಿ ಗಾಮಾ ಗ್ಲೋಬ್ಯುಲಿನ್ ಏರಿರುವುದನ್ನು ಅಮೆರಿಕದ ಎಲ್ವಿನ್ ಕಬಾಟ್ ಮತ್ತು ಜೊತೆಗಾರರು ತೋರಿಸಿದರು. ಬೆನ್ನಿನಿಂದ ನೀರು ತೆಗೆಯುವ ವಿದ್ಯೆ ಅದಕ್ಕೂ ಹಳೆಯದು, ಜರ್ಮನಿಯ ಕ್ವಿಂಕೆ 1891ರಲ್ಲಿ ತೋರಿಸಿದ್ದು.

ಇಲ್ಲಿ ಒಂದು ಕಿವಿಮಾತು. ಬೆನ್ನುನೀರು ತೆಗೆದ ದಿನವೇ ತೋಳಿನ ರಕ್ತವನ್ನೂ ತೆಗೆದು ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಬೇಕು. ರಕ್ತದಲ್ಲಿ ಇಲ್ಲದ ಪಟ್ಟಿ, ಕನಿಷ್ಠ ಎರಡು, ನೀರಿನಲ್ಲಿ ಇದ್ದರೆ ಮಾತ್ರ ಅವು ಮಿದುಳಿನೊಳಗೇ ತಯಾರಾದವು ಎಂದು ಲೆಕ್ಕ. ಎರಡರಲ್ಲೂ ಒಂದೇ ಬಗೆ ಇದ್ದರೆ ಅವು ಹೊರಗಿನಿಂದ ಸೋರಿ ಬಂದವು. ರಕ್ತದ ಬಾಟಲಿ ಹೋಗದೆ ನೀರಿನದು ಮಾತ್ರ ಹೋದರೆ ಚುಚ್ಚಿಸಿಕೊಂಡದ್ದೆಲ್ಲ ವ್ಯರ್ಥ. "ರಕ್ತಾನೂ ಕಳಿಸೀರೇನ್ರಿ?" ಎಂದು ಮನೆಯವರು ಕೇಳಿದರೆ ಯಾವ ಡಾಕ್ಟರರೂ ಸಿಟ್ಟಾಗಬೇಕಿಲ್ಲ.

ಈ ಪಟ್ಟಿಗಳದೊಂದು ಗುಣವಿದೆ. ದಾಳಿ ಬರುತ್ತದೆ, ಹೋಗುತ್ತದೆ. ಕಣ್ಣು ಮರಳುತ್ತದೆ, ಕಾಲು ಮರಳುತ್ತದೆ. ಪಟ್ಟಿಗಳು ಮಾತ್ರ ಸಾಮಾನ್ಯವಾಗಿ ಜೀವಮಾನವಿಡೀ ಉಳಿಯುತ್ತವೆ. ಹರಕೆಯಿಂದ, ಬೇರಿನಿಂದ ರೋಗ ಹೋಯಿತೆಂದು ಊರೆಲ್ಲ ನಂಬಿದ ಮೇಲೂ ಬೆನ್ನುನೀರಿನ ಸಾಕ್ಷಿ ಅಳಿಸುವುದಿಲ್ಲ. ಮೊದಲೆಲ್ಲ ಎಂ.ಎಸ್. ಎಂದು ಗಟ್ಟಿಯಾಗಿ ಹೇಳಲು ಎರಡನೆಯ ದಾಳಿಯವರೆಗೆ ಕಾಯಬೇಕಿತ್ತು. ಕಾಯುವುದೆಂದರೆ ಇನ್ನೊಂದು ಕಣ್ಣು, ಇನ್ನೊಂದು ಕಾಲು ಹೋಗುವುದನ್ನು ಕಾಯುವುದು! ಲೋಕದ ನರತಜ್ಞರು ಒಪ್ಪಿರುವ ಮ್ಯಾಕ್‌ಡೊನಾಲ್ಡ್ ನಿಯಮಗಳಿಗೆ 2017ರಲ್ಲಿ ತಿದ್ದುಪಡಿಯಾಯಿತು. ಮೊದಲನೆಯ ದಾಳಿ ಎಂ.ಎಸ್.ನ ಲಕ್ಷಣದ್ದಾಗಿದ್ದು, ಸ್ಕ್ಯಾನಿನಲ್ಲಿ ಗಾಯಗಳು ಬೇರೆ ಬೇರೆ ಕಡೆ ಕಂಡು, ನೀರಿನಲ್ಲಿ ಪಟ್ಟಿಗಳಿದ್ದರೆ ಆಗಲೇ ಹೆಸರು ಕೊಡಬಹುದು, ಔಷಧ ಹಚ್ಚಬಹುದು. ಆ ಸೊಸೆಯ ಕಣ್ಣು ಮಂಜಾದ ವರ್ಷವೇ ನೀರು ತೆಗೆದಿದ್ದರೆ ಕಾಲಿನ ಸರದಿ ತಡೆಯುವ ದಾರಿ ತೆರೆದಿರುತ್ತಿತ್ತು.

ಹೆಸರು ತಪ್ಪಿದರೆ

ಪಟ್ಟಿ ಕಂಡಿತೆಂದರೆ ಎಂ.ಎಸ್. ಎಂದು ಮುದ್ರೆ ಒತ್ತಲಾಗದು ಎಂಬುದನ್ನೂ ಹೇಳಬೇಕು. ದಡಾರ ಬಂದು ಹೋದ ಎಷ್ಟೋ ವರ್ಷಗಳ ಮೇಲೆ ಮಕ್ಕಳ ಮಿದುಳನ್ನು ತಿನ್ನುವ ಎಸ್.ಎಸ್.ಪಿ.ಇ. ಎಂಬ ರೋಗದಲ್ಲೂ ಪಟ್ಟಿಗಳಿವೆ; ಸಿಫಿಲಿಸ್‌ನಂಥ ಸೋಂಕು ನರಕ್ಕೆ ಇಳಿದಾಗಲೂ ಉಂಟು. ಪಟ್ಟಿ ಕಾಣಲಿಲ್ಲವೆಂದು ಎಂ.ಎಸ್. ಇಲ್ಲ ಎನ್ನಲೂ ಆಗದು. ಯೂರೋಪಿನ ರೋಗಿಗಳಲ್ಲಿ ನೂರಕ್ಕೆ ತೊಂಬತ್ತರಷ್ಟು ಮಂದಿಯಲ್ಲಿ ಪಟ್ಟಿ ಸಿಕ್ಕರೆ ನಮ್ಮ ದೇಶದ ವರದಿಗಳಲ್ಲಿ ಅಷ್ಟಿಲ್ಲ. ಸ್ಕ್ಯಾನು, ನೀರು, ರಕ್ತ, ರೋಗಿಯ ಬಾಯಿಮಾತು, ಈ ನಾಲ್ಕನ್ನೂ ಕೂಡಿಸಿ ತೂಗುವುದು ತಜ್ಞರ ಕೆಲಸ.

ನಮ್ಮ ಕಡೆ ಇದು ಇನ್ನೂ ಮುಖ್ಯ ಯಾಕೆಂದರೆ ಎಂ.ಎಸ್.ನ ವೇಷ ಹಾಕಿದ ಇನ್ನೊಂದು ರೋಗವಿದೆ. ನ್ಯೂರೋಮಯಲೈಟಿಸ್ ಆಪ್ಟಿಕಾ, ಚಿಕ್ಕದಾಗಿ ಎನ್.ಎಂ.ಓ. ಅದೂ ಕಣ್ಣು ಮತ್ತು ಬೆನ್ನುಹುರಿಯನ್ನೇ ಹಿಡಿಯುತ್ತದೆ, ಇನ್ನೂ ಜೋರಾಗಿ. ಬಹುಕಾಲ ಇದನ್ನು ಎಂ.ಎಸ್.ನ ಏಷ್ಯಾದ ತಳಿ ಎಂದೇ ಎಣಿಸಿದ್ದರು. 2004ರಲ್ಲಿ ಅದರದೇ ಪ್ರತಿಕಾಯ ರಕ್ತದಲ್ಲಿ ಸಿಕ್ಕಿತು. ಅಕ್ವಾಪೊರಿನ್-4 ಎಂಬ ಪ್ರೋಟೀನಿನ ಮೇಲೆ ಬೀಳುವ ಪ್ರತಿಕಾಯ ಅದೆಂದು ಮರುವರ್ಷ ತಿಳಿಯಿತು. ಎನ್.ಎಂ.ಓ.ದಲ್ಲಿ ಬೆನ್ನುನೀರಿನ ಪಟ್ಟಿಗಳು ಕಡಿಮೆ. ಕಂಡರೂ ಆಮೇಲೆ ಮಾಯವಾಗುವುದುಂಟು. ಎಂ.ಎಸ್.ಗೆ ಕೊಡುವ ಇಂಟರ್‌ಫೆರಾನ್ ಬೀಟಾವನ್ನು ಈ ರೋಗಿಗೆ ಕೊಟ್ಟರೆ ದಾಳಿ ಕಡಿಮೆಯಾಗುವ ಬದಲು ಹೆಚ್ಚುತ್ತದೆ. ಹೆಸರು ತಪ್ಪಿದರೆ ಔಷಧವೇ ವಿಷ!

ಇದನ್ನು ಪಟ್ಟು ಹಿಡಿದು ಬೇರ್ಪಡಿಸಿದವರು ಕರ್ನಾಟಕದಲ್ಲೇ ಇದ್ದಾರೆ. ಮಂಗಳೂರಿನ ದೇರಳಕಟ್ಟೆಯ ಕೆ.ಎಸ್. ಹೆಗ್ಡೆ ವೈದ್ಯಕೀಯ ಅಕಾಡೆಮಿಯಲ್ಲಿ ನರತಜ್ಞೆ ಡಾ. ಲೇಖಾ ಪಂಡಿತ್ ಇಂಥ ರೋಗಿಗಳ ದಾಖಲೆಯನ್ನೇ ತೆರೆದು, ಪ್ರತಿಕಾಯ ಪರೀಕ್ಷೆಗಳನ್ನೂ ನಡೆಸಿದವರು. ಮಂಗಳೂರು ನಗರದಲ್ಲಿ ಲಕ್ಷಕ್ಕೆ ಸುಮಾರು 8 ಜನರಿಗೆ ಎಂ.ಎಸ್. ಇದೆಯೆಂದು ಅವರ ತಂಡ 2014ರಲ್ಲಿ ಪ್ರಕಟಿಸಿತು. ಭಾರತದಲ್ಲಿ ಈ ರೋಗ ಇಲ್ಲವೇ ಇಲ್ಲ, ಇದು ಬಿಳಿಯರ ರೋಗ ಎಂಬ ಹಳೆಯ ಮಾತಿಗೆ ಅದೊಂದು ಉತ್ತರ. ಹಾವೇರಿ ಜಿಲ್ಲೆಯ ಜನಸಂಖ್ಯೆ 2011ರ ಗಣತಿಯಲ್ಲಿ 16 ಲಕ್ಷಕ್ಕೆ ತುಸು ಕಡಿಮೆ. ಮಂಗಳೂರಿನ ಲೆಕ್ಕವನ್ನೇ ಇಲ್ಲಿಗೆ ಹಚ್ಚಿದರೆ ನೂರಿಪ್ಪತ್ತು-ನೂರಮೂವತ್ತು ಜನ ಆಗುತ್ತಾರೆ. ನಗರದ ಲೆಕ್ಕ ಹಳ್ಳಿಗೆ ಹಾಗೇ ಒಪ್ಪುತ್ತದೆಂದಲ್ಲ. ಆದರೂ ಅದರ ಅರ್ಧವೇ ಇದ್ದರೂ ಅವರೆಲ್ಲ ಎಲ್ಲಿದ್ದಾರೆ? 'ಗಾಳಿ ಬಡಿದವರು', 'ನರ ಸತ್ತವರು', 'ಮಾಟ ತಗಲಿದವರು' ಎಂಬ ಹೆಸರಿನಲ್ಲಿ ಯಾವ ಯಾವ ಮನೆಯ ಮೂಲೆಯಲ್ಲಿದ್ದಾರೋ!

ಸೂಜಿಯ ಮಾತು

ಈಗ ಸೊಂಟದ ಪ್ರಶ್ನೆಗೆ ಬರೋಣ. ಬೆನ್ನುಹುರಿ ಬೆನ್ನಿನ ಬುಡದವರೆಗೆ ಇಳಿದಿಲ್ಲ. ದೊಡ್ಡವರಲ್ಲಿ ಅದು ಸೊಂಟದ ಮೊದಲ-ಎರಡನೆಯ ಎಲುಬಿನ ಮಟ್ಟದಲ್ಲೇ ಮುಗಿಯುತ್ತದೆ. ಸೂಜಿ ಹಾಕುವುದು ಅದಕ್ಕೂ ಕೆಳಗೆ, ಮೂರು-ನಾಲ್ಕು ಅಥವಾ ನಾಲ್ಕು-ಐದರ ಸಂದಿನಲ್ಲಿ. ಅಲ್ಲಿರುವುದು ನೀರಿನಲ್ಲಿ ತೇಲುವ ನರದ ಎಳೆಗಳು. ಸೂಜಿ ಬಂದರೆ ಪಕ್ಕಕ್ಕೆ ಸರಿಯುತ್ತವೆ.

ಇಷ್ಟಕ್ಕೂ ಈ ಸೂಜಿ ಊರಿಗೆ ಹೊಸದೇನಲ್ಲ. ಸಿಜೇರಿಯನ್ ಮಾಡುವಾಗ ಬೆನ್ನಿಗೆ ಕೊಡುತ್ತಾರಲ್ಲ, ಅದೂ ಇದೇ ಜಾಗ, ಇದೇ ನೀರಿನ ಚೀಲ. ಅಲ್ಲಿ ಮದ್ದು ಒಳಗೆ ಹೋಗುತ್ತದೆ, ಇಲ್ಲಿ ನೀರು ಹೊರಗೆ ಬರುತ್ತದೆ. ಹಾಗೆ ಹೆತ್ತ ಹೆಂಗಸರು ಓಣಿಗೆ ನಾಲ್ಕು ಜನ ಸಿಗುತ್ತಾರೆ. ಕೂಸನ್ನು ಸೊಂಟದ ಮೇಲೆ ಕೂಡಿಸಿಕೊಂಡೇ ಅಡ್ಡಾಡುತ್ತಾರೆ!

ಹಾಗಾದರೆ ಆ ಮಾತು ಹುಟ್ಟಿದ್ದೆಲ್ಲಿ? ಪೂರ್ತಿ ಸುಳ್ಳಿನಿಂದ ಹುಟ್ಟಿರಲಾರದು. ಒಂದು ಕಾಲದಲ್ಲಿ ಹಳ್ಳಿಯಿಂದ ಹೋಗಿ ಬೆನ್ನುನೀರು ತೆಗೆಸಿಕೊಂಡವರು ಬಹುಪಾಲು ಮಿದುಳಿನ ಟಿ.ಬಿ.ಯಂಥ ಕಾಯಿಲೆ ವಿಪರೀತಕ್ಕೆ ಹೋದವರು, ಮೈಮೇಲೆ ಎಚ್ಚರವಿಲ್ಲದವರು. ಕೆಲವರು ಸತ್ತರು, ಕೆಲವರು ಕೈಕಾಲು ಕಳೆದುಕೊಂಡರು. ಕಾಯಿಲೆ ಕಣ್ಣಿಗೆ ಕಾಣಲಿಲ್ಲ, ಸೂಜಿ ಕಂಡಿತು. ಅಪವಾದ ಸೂಜಿಯ ಮೇಲೆ ಬಂತು.

ಹಾಗೆಂದು ಏನೂ ಆಗುವುದಿಲ್ಲ ಎನ್ನುವುದೂ ಸರಿಯಲ್ಲ. ಕೆಲವರಿಗೆ ತಲೆನೋವು ಬರುತ್ತದೆ. ಎದ್ದು ಕೂತರೆ ಏರುತ್ತದೆ, ಮಲಗಿದರೆ ಇಳಿಯುತ್ತದೆ, ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಹೋಗುತ್ತದೆ. ಸಣ್ಣ ಸೂಜಿ ಬಳಸಿದರೆ ಇದು ಕಡಿಮೆ. ಚುಚ್ಚಿದಲ್ಲಿ ಎರಡು ದಿನ ನೋಯುತ್ತದೆ. ರಕ್ತ ತೆಳುವಾಗಿಸುವ ಗುಳಿಗೆ ತಗೊಳ್ಳುವವರು ಮೊದಲೇ ಹೇಳಬೇಕು. ತಲೆಯೊಳಗೆ ಒತ್ತಡ ಏರಿದ ಅನುಮಾನವಿದ್ದರೆ ಡಾಕ್ಟರರೇ ಸ್ಕ್ಯಾನ್ ಮಾಡದೆ ಸೂಜಿ ಮುಟ್ಟುವುದಿಲ್ಲ. ಈ ನಾಲ್ಕು ಮಾತನ್ನು ರೋಗಿಯ ಭಾಷೆಯಲ್ಲಿ ಹೇಳಿ ಆಮೇಲೆ ಸಹಿ ಹಾಕಿಸಿದರೆ ಎಷ್ಟೋ ಜನ ಒಪ್ಪಿಯಾರು. ಇಂಗ್ಲಿಷಿನ ಕಾಗದ ಮುಂದಿಟ್ಟು "ಇಲ್ಲಿ ಹೆಬ್ಬೆಟ್ಟು ಒತ್ತು" ಅಂದರೆ ಯಾರು ತಾನೇ ಓಡಿಹೋಗುವುದಿಲ್ಲ?

ಮುನ್ನೂರು ಕಿಲೋಮೀಟರಿನ ಆಚೆ

ನೀರು ತೆಗೆಯುವುದು ಹುಬ್ಬಳ್ಳಿಯಲ್ಲಾದೀತು. ಪಟ್ಟಿ ಓದಲು ಪಳಗಿದ ಕಣ್ಣು ಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಂಥ ಸಂಸ್ಥೆ ಇಲ್ಲಿಂದ ಮುನ್ನೂರು ಕಿಲೋಮೀಟರಿಗೂ ಆಚೆ. ಆಳು-ಕಾಳು ಬಿಟ್ಟು, ಜೊತೆಗೊಬ್ಬರನ್ನು ಕಟ್ಟಿಕೊಂಡು ರಾತ್ರಿ ಬಸ್ಸು ಹತ್ತುವ ಕೂಲಿಯವಳ ಲೆಕ್ಕದಲ್ಲಿ ಅದು ಎರಡು ವಾರದ ಗಂಜಿ. ಕೋಲಾರ, ಚಿಕ್ಕಬಳ್ಳಾಪುರ ಮತ್ತು ಬೆಂಗಳೂರಿನ ಜಯನಗರದಲ್ಲಿ 2022ರಲ್ಲಿ ನಿಮ್ಹಾನ್ಸ್ ಮತ್ತು ರಾಜ್ಯ ಸರಕಾರ ಸೇರಿ ಮೆದುಳು ಆರೋಗ್ಯ ಕಾರ್ಯಕ್ರಮ ಶುರು ಮಾಡಿದ್ದು, ನರರೋಗಿ ಬೆಂಗಳೂರಿಗೆ ಓಡುವ ಮೊದಲೇ ಜಿಲ್ಲೆಯಲ್ಲಿ ಗುರುತಿಸಬೇಕೆಂಬ ಉದ್ದೇಶದಿಂದ. ಹಾವೇರಿಗೂ ಈಗ ಸರಕಾರಿ ವೈದ್ಯಕೀಯ ಕಾಲೇಜು ಬಂದಿದೆ. ಕಟ್ಟಡದ ಜೊತೆಗೆ ನರತಜ್ಞರೂ ಬೇಕು ಎಂದು ಕೇಳುವುದು ಈ ಜಿಲ್ಲೆಯವರ ಹಕ್ಕು.

ಇನ್ನೊಂದು ಒಳ್ಳೆಯ ಸುದ್ದಿ 2025ರದು. ಪರಿಷ್ಕರಿಸಿ ಪ್ರಕಟಿಸಿದ ಮ್ಯಾಕ್‌ಡೊನಾಲ್ಡ್ ನಿಯಮಗಳಲ್ಲಿ ಪಟ್ಟಿಗಳ ಬದಲು ಬೆನ್ನುನೀರಿನ 'ಕಪ್ಪಾ ಲೈಟ್ ಚೈನ್' ಎಂಬ ಪ್ರತಿಕಾಯದ ತುಣುಕುಗಳ ಅಳತೆಯನ್ನೂ ಒಪ್ಪಿದ್ದಾರೆ. ಇದನ್ನು ಯಂತ್ರ ಅಳೆದು ಅಂಕಿ ಕೊಡುತ್ತದೆ. ಗೆರೆ ಓದುವ ಪಳಗಿದ ಕಣ್ಣು ಬೇಕಿಲ್ಲ. ಇಂಥ ಪರೀಕ್ಷೆ ಹುಬ್ಬಳ್ಳಿ, ದಾವಣಗೆರೆಯಂಥ ಊರಿಗೆ ಬರುವುದು ಸುಲಭ.

ಔಷಧದ ಮಾತೂ ಬದಲಾಗಿದೆ. ದಾಳಿ ಬಂದಾಗ ಮೂರರಿಂದ ಐದು ದಿನ ರಕ್ತನಾಳಕ್ಕೆ ಸ್ಟಿರಾಯ್ಡ್. ಮುಂದಿನ ದಾಳಿ ತಡೆಯಲು ಬೇರೆ ಔಷಧ. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ರಿಟುಕ್ಸಿಮ್ಯಾಬ್ ಸೇರಿ ಎಂ.ಎಸ್.ನ ಮೂರು ಔಷಧಗಳನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಪ್ರತಿಕಾಯ ಮಾಡುವ ಪಡೆಯ ಮೂಲಕಣಗಳನ್ನೇ ಸದೆಬಡಿಯುವ ಔಷಧ ಅದು. ನಮ್ಮ ದೇಶದಲ್ಲೇ ತಯಾರಾಗುವುದರಿಂದ ಉಳಿದವುಗಳಿಗಿಂತ ಕೈಗೆಟಕುತ್ತದೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಲ್ಲಿ ಎಂ.ಎಸ್. ಹೆಸರಿಟ್ಟೇ ಸೇರಿದೆ. ನಡೆಯುತ್ತಾಳಲ್ಲ, ಇವಳಿಗೆಂಥ ಸರ್ಟಿಫಿಕೇಟು ಎಂದು ಯಾರಾದರೂ ಕೇಳಿದರೆ ತೋರಿಸಬೇಕಾದದ್ದು ಸ್ಕ್ಯಾನಿನ ಚಿತ್ರ ಮತ್ತು ಬೆನ್ನುನೀರಿನ ವರದಿಯನ್ನೇ.

ಆದ್ದರಿಂದ ಆ ಕಾಗದವನ್ನು ರೇಷನ್ ಕಾರ್ಡು, ಹೊಲದ ಪಹಣಿ ಇಡುವ ಪೆಟ್ಟಿಗೆಯಲ್ಲೇ ಇಡಬೇಕು. ಡಾಕ್ಟರು ಬದಲಾದಾಗ, ಊರು ಬದಲಾದಾಗ ಅದನ್ನೇ ಒಯ್ಯಬೇಕು. ಇನ್ನೊಮ್ಮೆ ಚುಚ್ಚಿಸಿಕೊಳ್ಳುವ ಕೆಲಸ ಸಾಮಾನ್ಯವಾಗಿ ಬೀಳುವುದಿಲ್ಲ.